ಹಿತ್ತಿಲು, ನುಸಿ ಮತ್ತು ನಮ್ಮ ಪುಟ್ಟಿ

ಮುಂಬಯಿಯಲ್ಲಿ ಯಾರಾದರೂ "ನಮ್ಮ ಮನೆಯ ಹಿತ್ತಿಲು" ಎಂದರೆ ಕೇಳಿದವರು ನಗುತ್ತಾರೆ. ಆದರೂ ನಮಗೊಂದು ಹಿತ್ತಿಲಿದೆ. ಮುಲುಂಡ್ ಪಶ್ಚಿಮದ ಹಳೆಯ ಮೂರು ಮಾಳಿಗೆಯ ಕಟ್ಟಡದಲ್ಲಿ ನಮ್ಮದು ಎಲ್ಲಕ್ಕೂ ಕೆಳಗಿನ ಮನೆ. ಅಡುಗೆಮನೆಯ ಬಾಗಿಲು ತೆರೆದರೆ ಸೊಸೈಟಿಯ ಗೋಡೆಯವರೆಗೆ 8 ಅಡಿ ಅಗಲ, 20 ಅಡಿ ಉದ್ದದ ಜಾಗ. ಒಂದು ನುಗ್ಗೆಮರ, ಎರಡು ದಾಸವಾಳ, ಒಂದು ಬಸಳೆಯ ಚಪ್ಪರ, ತುಳಸಿ. 1979ರಲ್ಲಿ ಮದುವೆಯಾಗಿ ಕುಂದಾಪುರದ ಕಡೆಯಿಂದ ಇಲ್ಲಿಗೆ ಬಂದಾಗ ಈ ಪಟ್ಟಿ ಇಲ್ಲದಿದ್ದರೆ ನಾನು ಮರುದಿನದ ಬಸ್ಸಿಗೇ ಊರಿಗೆ ಹೊರಡುತ್ತಿದ್ದೆನೇನೋ!

ಈಗ ಆ ಹಿತ್ತಿಲಿನ ಒಡತಿ ನಮ್ಮ ಮೊಮ್ಮಗಳು. ಎರಡು ವರ್ಷದ ಪುಟ್ಟಿಗೆ ಅಲ್ಲಿ ಇರುವೆಯ ಸಾಲೂ ಒಂದು ಮೆರವಣಿಗೆ. ದಾಸವಾಳಕ್ಕೆ ಸೂರಕ್ಕಿ ಬಂದರೆ ಉಸಿರು ಬಿಗಿಹಿಡಿದು ನಿಲ್ಲುತ್ತಾಳೆ. ನ್ಯಾಷನಲ್ ಪಾರ್ಕಿನ ಗುಡ್ಡಗಳು ನಮಗೆ ದೂರವಿಲ್ಲದ ಕಾರಣ ಹಕ್ಕಿಗಳಿಗೆ ಬರವಿಲ್ಲ.

ಆದರೆ ಕಳೆದ ಅಕ್ಟೋಬರಿನಲ್ಲಿ ನನ್ನ ಮಗನಿಗೆ ಡೆಂಗೆ ಜ್ವರ ಬಂತು. ಆರು ರಾತ್ರಿ ಆಸ್ಪತ್ರೆ. ಅವನನ್ನು ಮನೆಗೆ ಕರೆತಂದ ದಿನ ಸೊಸೆ ಹಿತ್ತಿಲ ಬಾಗಿಲಿಗೆ ಅಗಳಿ ಹಾಕಿ, "ಅತ್ತೆ, ಇನ್ನು ಮಗುವನ್ನು ಅಲ್ಲಿಗೆ ಬಿಡುವುದು ಬೇಡ" ಎಂದಳು. ನಾನು ಎದುರು ಮಾತಾಡಲಿಲ್ಲ. ಆ ಆರು ರಾತ್ರಿ ಅವಳ ಮುಖ ಹೇಗಿತ್ತೆಂದು ಕಂಡವಳು ನಾನು.

ಚಳಿಗಾಲ ಹೇಗೋ ಕಳೆಯಿತು. ಮಾರ್ಚ್ ಬಂದದ್ದೇ ಮನೆಯೊಳಗೆ ಬೆಂಕಿ. ಮುಂಬಯಿಯ ಸೆಖೆಯ ವಿಷಯ ನಿಮಗೆ ಹೇಳಬೇಕಾದ್ದಿಲ್ಲ. ಉಷ್ಣಮಾಪಕ 34 ಡಿಗ್ರಿ ತೋರಿಸಿದರೆ ಬೆವರು 44 ಎನ್ನುತ್ತದೆ. ಪುಟ್ಟಿ ಕಿಟಕಿಯ ಸರಳಿಗೆ ಮೂಗು ಒತ್ತಿ, ಹಕ್ಕಿಗಳಿಗೆಂದು ನಾನು ಹೊರಗಿಟ್ಟಿದ್ದ ನೀರಿನ ಮಣ್ಣಿನ ತಟ್ಟೆಯನ್ನು ನೋಡುತ್ತ ನಿಲ್ಲುತ್ತಿದ್ದಳು. ಹಕ್ಕಿಗೆ ಹಿತ್ತಿಲು, ಮಗುವಿಗೆ ಸರಳು!

ಏಪ್ರಿಲಿನಲ್ಲಿ ಒಂದು ದಿನ ನಗರಪಾಲಿಕೆಯ ಹುಡುಗನೊಬ್ಬ ಟಾರ್ಚು ಹಿಡಿದು ಸೊಳ್ಳೆಯ ತಪಾಸಣೆಗೆ ಬಂದ. ಗಟಾರವನ್ನು ತೋರಿಸಲು ನಾನು ಮುಂದಾದೆ. ಅವನು ಅತ್ತ ಹೋಗದೆ ನೇರ ನನ್ನ ಹಕ್ಕಿತಟ್ಟೆಗೆ ಬೆಳಕು ಬಿಟ್ಟ. ನೀರಿನಲ್ಲಿ ತಲೆಕೆಳಗಾಗಿ ತೂಗುತ್ತಿದ್ದ ಹುಳುಗಳು! ತುಳಸಿಕುಂಡದ ಕೆಳಗಿನ ತಟ್ಟೆಯಲ್ಲಿಯೂ ಅವೇ. "ಆಜೀ, ಇವನ್ನು ಸಾಕುತ್ತಿರುವವರು ನೀವೇ" ಎಂದು ಮರಾಠಿಯಲ್ಲಿ ನಗುತ್ತ ಹೇಳಿದ. ನನಗೆ ನಗು ಬರಲಿಲ್ಲ. ಅಕ್ಟೋಬರಿನ ಸೊಳ್ಳೆ ಎಲ್ಲಿಯದೋ ನಾನು ಹೇಳಲಾರೆ. ಆದರೆ ಅಂದು ರಾತ್ರಿ ನನಗೆ ನಿದ್ದೆ ಬೀಳಲಿಲ್ಲ.

ಅವನಿಂದಲೂ ಆಮೇಲೆ ವೈದ್ಯರಿಂದಲೂ ತಿಳಿದದ್ದಿಷ್ಟು. ಡೆಂಗೆ ಹರಡುವ ಈಡಿಸ್ ಸೊಳ್ಳೆಗೆ ಗಟಾರ ಬೇಡ, ನಿಂತ ತಿಳಿನೀರು ಬೇಕು. ಸೆಖೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ನೀರು ಚೆಲ್ಲಿದರೆ ಮಾತ್ರ ಸಾಲದು; ಪಾತ್ರೆಯ ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತವೆ, ಉಜ್ಜಿ ತೊಳೆಯಬೇಕು. ಅದು ಹುಟ್ಟಿದ ಜಾಗದಿಂದ ಬಹುದೂರ ಹಾರುವುದೂ ಇಲ್ಲ. ಅಂದರೆ ನಮ್ಮ ಸೊಳ್ಳೆ ಹೆಚ್ಚಾಗಿ ನಮ್ಮದೇ, ಇಲ್ಲವೇ ಪಕ್ಕದ ಮನೆಯದು.

ಮುಂಬಯಿಗೆ ಇದು ಹೊಸ ಪಾಠವಲ್ಲ. ಮಲೇರಿಯಾದ ಜೀವಾಣುವನ್ನು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಕಂಡದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. 1911ರಲ್ಲಿ ಬೆಂಟ್ಲಿ ಎಂಬ ವೈದ್ಯರು ಈ ನಗರದ ಮಲೇರಿಯಾದ ಬಗ್ಗೆ ವರದಿ ಕೊಟ್ಟು, ಸೊಳ್ಳೆ ಹುಟ್ಟುವುದು ಮನೆಗಳ ಬಾವಿಗಳಲ್ಲಿ ಎಂದು ತೋರಿಸಿದರು. ಆಮೇಲೆ ಎಷ್ಟೋ ಬಾವಿಗಳನ್ನು ಮುಚ್ಚಿಸಿದರು. ನಮ್ಮೂರಲ್ಲೂ ಅಷ್ಟೇ. ಬಾಲ್ಯದಲ್ಲಿ ನಾವು ಕೂತು ಎಳೆಸಿಕೊಂಡು ಆಡಿದ ಅಡಿಕೆ ಹಾಳೆ, ಮಳೆಗಾಲದಲ್ಲಿ ತೋಟದಲ್ಲಿ ಮಗುಚದೆ ಬಿದ್ದರೆ ನುಸಿಯ ತೊಟ್ಟಿಲು. ಸೊಳ್ಳೆಗೆ ನಮ್ಮ ಕಡೆ ನುಸಿ ಎನ್ನುತ್ತಾರೆ.

ಬಾಗಿಲು ತೆರೆಯುವ ಮಾತನ್ನು ಕೊನೆಗೆ ಸೊಸೆಯೇ ಎತ್ತಿದಳು. ಆದರೆ ಒಂದು ತೊಡಕಿತ್ತು. ಹಗಲು ಹನ್ನೊಂದರಿಂದ ನಾಲ್ಕರವರೆಗೆ ಬಿಸಿಲು. ತಂಪಾದ ಮುಂಜಾನೆ, ಇಳಿಹೊತ್ತುಗಳೇ ಈಡಿಸ್ ಕಚ್ಚುವ ಹೊತ್ತು. ಹಾಗಾಗಿ ಪುಟ್ಟಿಗೆ ತೆಳುಬಣ್ಣದ, ಮೈತುಂಬ ಮುಚ್ಚುವ ಹತ್ತಿಯ ಬಟ್ಟೆ. ಹೊಸ್ತಿಲಲ್ಲಿ ಟೇಬಲ್ ಫ್ಯಾನು. ಬೀಸುವ ಗಾಳಿಯಲ್ಲಿ ಸೊಳ್ಳೆಗೆ ಹಾರಲು ಕಷ್ಟ. ಕುಂಡದ ತಟ್ಟೆಗಳನ್ನು ತೆಗೆದೇಬಿಟ್ಟೆವು. ಹಕ್ಕಿತಟ್ಟೆಗೆ ದಿನಾ ಹೊಸ ನೀರು.

ಮತ್ತು ಪ್ರತಿ ಭಾನುವಾರ ನಮ್ಮ ಹಬ್ಬ! ಬಕೆಟು, ತಂಬಿಗೆ, ತೆಂಗಿನ ಗೆರಟೆ, ಏನಿದ್ದರೂ ಮಗುಚಿ ಉಜ್ಜುವುದು. ಮಗುಚುವ ಕೆಲಸ ಪುಟ್ಟಿಯದು. ನೀರು ಚೆಲ್ಲಬೇಡ ಎಂದು ವಾರವಿಡೀ ಕೇಳುವ ಮಗುವಿಗೆ, ಚೆಲ್ಲು ಎಂದರೆ ಅದಕ್ಕಿಂತ ಸುಖವುಂಟೇ? "ನುಚಿ ಹೋಯ್ತು!" ಎಂದು ಕೂಗುತ್ತ ಒದ್ದೆಯಾಗುತ್ತಾಳೆ, ಸೆಖೆಯೂ ಇಳಿಯುತ್ತದೆ. ಈಗ ಪಕ್ಕದ ಮನೆಯ ಗುಜರಾತಿ ಬೆನ್ ಕೂಡ ತಮ್ಮ ಕುಂಡಗಳನ್ನು ತೋರಿಸಲು ಅವಳನ್ನು ಕರೆಯುತ್ತಾರೆ.

ಹಿತ್ತಲ ಗಿಡ ಮದ್ದಲ್ಲ ಎಂಬುದು ಗಾದೆ. ಹಿತ್ತಲ ಕಾಯಿಲೆಗೆ ಮದ್ದು ಮಾತ್ರ ಹಿತ್ತಲಲ್ಲೇ ಇತ್ತು. ನಮ್ಮ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವ ಮಾತು ಸೊಸೈಟಿಯ ಪ್ರತಿ ಸಭೆಯಲ್ಲೂ ಏಳುತ್ತಿದೆ. ಆಮೇಲೆ ಈ 20 ಅಡಿ ಇರುವುದಿಲ್ಲ. ಇರುವಷ್ಟು ದಿನ ಅದನ್ನು ಅಗಳಿಯ ಆಚೆ ಬಿಟ್ಟು ಕೂರಲು ನನಗೆ ಮನಸ್ಸಿಲ್ಲ.

ಮುಲುಂಡಿನ ಕಡೆ ಬಂದರೆ ನಮ್ಮಲ್ಲಿಗೆ ಬನ್ನಿ, ಹಿತ್ತಿಲಲ್ಲೇ ಕೂತು ಮಜ್ಜಿಗೆ ಕುಡಿಯೋಣ. ಲೋಟವನ್ನು ಮಾತ್ರ ಬೇಗ ಖಾಲಿ ಮಾಡಿ. ಮೊನ್ನೆ ಅಜ್ಜ ಪೇಪರು ಓದುತ್ತ ಅರ್ಧ ಉಳಿಸಿದ್ದ ಮಜ್ಜಿಗೆಯನ್ನು ಪುಟ್ಟಿ "ನುಚಿ!" ಎಂದು ನೆಲಕ್ಕೆ ಮಗುಚಿಬಿಟ್ಟಳು.