ಮಫ್ಲರ್

2022ರ ಅಕ್ಟೋಬರ್ 8, ಶನಿವಾರ. ಲಂಡನ್ನಿನ ಥೇಮ್ಸ್ ದಡದಲ್ಲಿರುವ ಬಸವಣ್ಣನ ಪ್ರತಿಮೆ ತೋರಿಸುತ್ತೇನೆಂದು ಮಗಳು ಕರೆದುಕೊಂಡು ಹೋಗಿದ್ದಳು. ಕೈಮುಗಿದು, ಫೋಟೊ ತೆಗೆಸಿಕೊಂಡು ಲ್ಯಾಂಬೆತ್ ಸೇತುವೆಗೆ ಬಂದರೆ ಉದ್ದಕ್ಕೂ ಜನ ಕೈ ಕೈ ಹಿಡಿದು ನಿಂತಿದ್ದಾರೆ. ಬೆಲ್‌ಮಾರ್ಷ್ ಜೈಲಿನಲ್ಲಿದ್ದ ಜೂಲಿಯನ್ ಅಸಾಂಜ್‌ನನ್ನು ಅಮೆರಿಕಕ್ಕೆ ಒಪ್ಪಿಸಬಾರದೆಂದು ಪಾರ್ಲಿಮೆಂಟಿಗೆ ಸುತ್ತು ಹಾಕಿದ ಮಾನವ ಸರಪಳಿ. ಒಂದು ಕಡೆ ಆಳು ಸಾಲದೆ ಬೂದು ಬಣ್ಣದ ಮಫ್ಲರ್ ಒಂದನ್ನು ಈ ತುದಿ ಆ ತುದಿ ಹಿಡಿದಿದ್ದರು. ಅದರ ಒಂದು ತುದಿಯಲ್ಲಿದ್ದ ಅಜ್ಜಿ ನನ್ನನ್ನು ನೋಡಿ ಕೈ ಚಾಚಿದಳು. ಸೀರೆಯ ಮೇಲೆ ಸ್ವೆಟರ್ ತೊಟ್ಟಿದ್ದ ನಾನು ಹೋಗಿ ನಿಂತೇಬಿಟ್ಟೆ.

"ಅಮ್ಮಾ, ಅವನು ಯಾರು ಅಂತಾದ್ರೂ ಗೊತ್ತಾ ನಿಂಗೆ?"

"ಗೊತ್ತು ಕಣೆ. ನೀನೂ ಹಿಡ್ಕೋ."

ಗೊತ್ತಿಲ್ಲದೆ ಏನು! 2010ರ ಏಪ್ರಿಲ್‌ನಲ್ಲಿ ಅವನ ವಿಕಿಲೀಕ್ಸ್ ಹೊರಗೆ ಹಾಕಿದ ಆ ವಿಡಿಯೊ ನೋಡಿದ ರಾತ್ರಿ ಊಟ ಸೇರಿರಲಿಲ್ಲ. 2007ರ ಜುಲೈ 12, ಬಾಗ್ದಾದ್. ಅಮೆರಿಕನ್ ಸೇನೆಯ ಹೆಲಿಕಾಪ್ಟರಿನ ಕಣ್ಣಿನಿಂದ ಕಾಣುವ ಕಪ್ಪು ಬಿಳುಪು ಬೀದಿ. ರಾಯಿಟರ್ಸ್‌ನ ಫೋಟೊಗ್ರಾಫರ್ ನಮೀರ್ ನೂರ್ ಎಲ್ದೀನ್, ಇಪ್ಪತ್ತೆರಡರ ಹುಡುಗ, ಗೋಡೆಯ ಮೂಲೆಯಿಂದ ಉದ್ದ ಲೆನ್ಸಿನ ಕ್ಯಾಮೆರಾ ಚಾಚಿ ಇಣುಕುತ್ತಾನೆ. ಮೇಲಿದ್ದವರಿಗೆ ಅದು ರಾಕೆಟ್ ಲಾಂಚರ್ ಆಗಿ ಕಾಣುತ್ತದೆ. ಗುಂಪಿನಲ್ಲಿ ಕೆಲವರ ಹತ್ತಿರ ಆಯುಧವಿತ್ತು ಎಂದು ಸೇನೆ ಹೇಳಿತು, ಇದ್ದಿರಬಹುದು. ಆದರೆ ಗುಂಡು ತಿಂದು ತೆವಳುತ್ತಿದ್ದ ರಾಯಿಟರ್ಸ್‌ನ ಚಾಲಕ ಸಯೀದ್ ಚಮಾಗ್‌ನನ್ನು ಎತ್ತಿಕೊಳ್ಳಲು ವ್ಯಾನೊಂದು ಬಂತಲ್ಲ, ಅದಕ್ಕೂ ಹೊಡೆದರು. ಒಳಗೆ ಎರಡು ಮಕ್ಕಳಿದ್ದವು. ಬದುಕಿಕೊಂಡವು; ಅವರಪ್ಪ ಉಳಿಯಲಿಲ್ಲ. ಆ ವಿಡಿಯೊ ಕೊಡಿ ಎಂದು ರಾಯಿಟರ್ಸ್ ಕೇಳಿ ಕೇಳಿ ಸುಸ್ತಾಗಿತ್ತು.

ಹೊಡೆದವರದು ತಪ್ಪಿಲ್ಲವೆಂದು ಸೇನೆಯ ತನಿಖೆ ಷರಾ ಬರೆಯಿತು. ಅಸಾಂಜ್ ಮೇಲೆ ಮಾತ್ರ 18 ಆರೋಪ. ಅದರಲ್ಲಿ 17, ಮೊದಲ ಮಹಾಯುದ್ಧದ ಕಾಲದ 1917ರ ಬೇಹುಗಾರಿಕೆ ಕಾಯ್ದೆಯಡಿ. ಎಲ್ಲ ಸಾಬೀತಾದರೆ 175 ವರ್ಷ! ಅಂದು ಕ್ಯಾಮೆರಾ ಆಯುಧವಾಗಿ ಕಂಡಿತು, ಆಮೇಲೆ ಕಡತ ತೋರಿಸಿದವನು ಗೂಢಚಾರನಾಗಿ ಕಂಡ. ದೃಷ್ಟಿದೋಷ ಒಂದೇ.

ಹಾಗಂತ ಅಸಾಂಜ್ ನನಗೇನೂ ದೇವರಲ್ಲ. 2011ರಲ್ಲಿ ರಾಯಭಾರ ಕಚೇರಿಗಳ ಕಡತಗಳನ್ನು ಹೆಸರು ಮರೆಮಾಚದೆ ಪ್ರಕಟಿಸಿದ್ದು ನನಗೆ ಇವತ್ತಿಗೂ ಒಗ್ಗಿಲ್ಲ. ಸೇತುವೆಯ ಮೇಲೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಆದರೆ ಅಜ್ಜಿಯ ಹಿಡಿತ ಬಿಗಿಯಾಗಿತ್ತು, ಅಂಗೈ ಬೆವೆತಿತ್ತು. ಬಿಡಿಸಿಕೊಂಡು ಹೋಗುವ ಮನಸ್ಸಾಗಲಿಲ್ಲ.

ಚದುರುವಾಗ ಗಡಿಬಿಡಿಯಲ್ಲಿ ಮಫ್ಲರ್ ಮಗಳ ಕೈಯಲ್ಲೇ ಉಳಿಯಿತು. ಅಜ್ಜಿಯನ್ನು ಹುಡುಕಿದೆವು, ಸಿಗಲಿಲ್ಲ.

2024ರ ಜೂನ್‌ನಲ್ಲಿ ಸೈಪಾನ್ ದ್ವೀಪದ ಅಮೆರಿಕನ್ ಕೋರ್ಟಿನಲ್ಲಿ ಒಂದು ಆರೋಪವನ್ನು ಒಪ್ಪಿಕೊಂಡು ಅಸಾಂಜ್ ಹೊರಬಂದ. ಬೆಲ್‌ಮಾರ್ಷ್‌ನಲ್ಲಿ ಕಳೆದ ಐದು ವರ್ಷವೇ ಶಿಕ್ಷೆಯೆಂದು ಲೆಕ್ಕ. ಬಿಡುಗಡೆಯೋ ತಪ್ಪೊಪ್ಪಿಗೆಯೋ, ಹೇಗೆ ಖುಷಿಪಡಬೇಕೋ ತಿಳಿಯದೆ ಮಗಳಿಗೆ ಫೋನು ಮಾಡಿದೆ.

"ಆ ಮಫ್ಲರ್ ಇದೆಯೇನೇ?"

"ಇದೆಯಮ್ಮ, ಒಗೆದು ಇಟ್ಟಿದ್ದೀನಿ. ಮುಂದಿನ ಸಲ ಬಂದಾಗ ಅಜ್ಜೀನ ಹುಡುಕೋಣ."