ಚೌತಿಗೆ ಹಸಿ ಕವಳೆ

ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿ ಪ್ರತಿ ನವೆಂಬರಿನಲ್ಲಿ ಒಂದು ಫೋಟೋ ಕಳಿಸುತ್ತಾಳೆ. ಗಾಜಿನ ಬಟ್ಟಲಲ್ಲಿ ಕೆಂಪಗೆ ಹೊಳೆಯುವ ಕ್ರ್ಯಾನ್‌ಬೆರಿ ಸಾಸ್. ಅಲ್ಲಿ ಆ ತಿಂಗಳ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್. ಊಟದ ಮೇಜಿನ ಮೇಲೆ ಟರ್ಕಿ ಕೋಳಿಯ ಪಕ್ಕ ಈ ಸಾಸ್ ಇರಲೇಬೇಕಂತೆ. ಕೋಳಿ ತಿನ್ನದ ಇವಳು ಆಫೀಸಿನವರ ಜೊತೆಯ ಊಟಕ್ಕೆ ಸಾಸನ್ನೇ ಮಾಡಿಕೊಂಡು ಹೋಗುತ್ತಾಳೆ. ಮೊದಲ ವರ್ಷ ಹಣ್ಣು, ಸಕ್ಕರೆ, ನೀರು, ಅಷ್ಟೇ. ಮರುವರ್ಷ ನೀರಿನ ಬದಲು ಕಿತ್ತಳೆ ರಸ, ತುರಿದ ಕಿತ್ತಳೆ ಸಿಪ್ಪೆ, ಒಂದು ತುಂಡು ದಾಲ್ಚಿನ್ನಿ. ಆಮೇಲೆ ಶುಂಠಿ ಬಂತು. ಅದರ ಹಿಂದೆ ಬ್ಯಾಡಗಿ ಮೆಣಸು, ಸಾಸಿವೆ ಒಗ್ಗರಣೆ, ಇಂಗು. "ಸುಧಾರಿಸ್ತಾ ಸುಧಾರಿಸ್ತಾ ಈಗ ಅದು ಗೊಜ್ಜೇ ಆಗೋಯ್ತು ಅಣ್ಣ" ಅಂತ ನಗುತ್ತಾಳೆ. ಅದು ಯಾವ ಗೊಜ್ಜು ಎಂದು ನಾವಿಬ್ಬರೂ ಹೇಳಿಕೊಳ್ಳಬೇಕಾಗಿರಲಿಲ್ಲ. ಶಿರಸಿಯ ನಮ್ಮ ಮನೆಯಲ್ಲಿ ಆಯಿ ಮಾಡುವ ಕವಳೆಕಾಯಿ ಗೊಜ್ಜು.

ನಾನಿರುವುದು ಸೂರತ್ತಿನ ಅಡಾಜಣ್‌ನಲ್ಲಿ. ಹಜೀರಾದ ಕಾರ್ಖಾನೆಯೊಂದರಲ್ಲಿ ಕೆಲಸ. ಅಪ್ಪ ತೀರಿಕೊಂಡು ವರ್ಷಾಂತಿಕ ಮುಗಿದ ಮೇಲೆ ಕಳೆದ ಮಳೆಗಾಲದಲ್ಲಿ, ಅಂದರೆ 2025ರ ಜುಲೈನಲ್ಲಿ, ಆಯಿಯನ್ನು ಇಲ್ಲಿಗೆ ಕರೆತಂದೆ. ಆಯಿಗೆ ಕಾಯಿಲೆ ಏನೂ ಇರಲಿಲ್ಲ. ಊಟ ಮಾತ್ರ ಬಿಟ್ಟಂತೆಯೇ ಆಗಿತ್ತು. ಎರಡು ತುತ್ತು ಮಜ್ಜಿಗೆ ಅನ್ನ, "ಸಾಕು ತಮಾ, ಸೇರ್ತಿಲ್ಲೆ". ಐವತ್ತು ವರ್ಷ ಒಲೆಯ ಮುಂದೆ ಕಳೆದವಳು ನಮ್ಮ ಅಡುಗೆಮನೆಯ ಹೊಸ್ತಿಲನ್ನೂ ತುಳಿಯಲಿಲ್ಲ. ನಾವೂ ಒತ್ತಾಯಿಸಲಿಲ್ಲ. ಎದುರು ಮನೆಯ ಮಾಸಿ ಮೊದಲ ದಿನವೇ ಡಬ್ಬಿ ತುಂಬ ಖಮಣ್ ಹಿಡಿದು ಬಂದು, ಇಲ್ಲಿಯವರು ಎಲ್ಲರಿಗೂ ಹೇಳುವ ಗಾದೆಯನ್ನು ಹೇಳಿದರು: "ಸೂರತ್ ನು ಜಮಣ್, ಅನೇ ಕಾಶಿ ನು ಮರಣ್." ಊಟವೆಂದರೆ ಸೂರತ್ತಿನದು, ಸಾವೆಂದರೆ ಕಾಶಿಯದು. ಆಯಿ ನನ್ನ ಮುಖ ನೋಡಿದಳು. ಮೊದಲರ್ಧವನ್ನಷ್ಟೇ ಕನ್ನಡಕ್ಕೆ ತಂದೆ.

ಅದೇ ವಾರ ಸಂಜೆ ತರಕಾರಿ ಗಾಡಿಯಲ್ಲಿ ಅರ್ಧ ಬಿಳಿ, ಅರ್ಧ ಗುಲಾಬಿಯ ಗೋಲಿಯಂಥ ಕಾಯಿಗಳ ರಾಶಿ ಕಂಡಿತು. ಗಾಡಿಯವ "ಕರಮದಾ" ಎಂದ. ಒಂದು ಕಾಯಿ ಮುರಿದೆ. ಬಿಳಿ ಸೊನೆ ಬೆರಳಿಗೆ ಅಂಟಿತು. ಇಷ್ಟು ವರ್ಷ ಅದೇ ಗಾಡಿಯ ಮುಂದೆ ಹಾದುಹೋಗಿದ್ದೇನೆ, ಒಮ್ಮೆಯೂ ಗುರುತು ಹಿಡಿದಿರಲಿಲ್ಲ! ನಮ್ಮ ಕಾಡಿನ ಕವಳೆ, ಕರಾವಳಿಯವರ ಕರಂಡೆ. ಬೇಕರಿ ಕೇಕಿನ ನೆತ್ತಿಯ ಮೇಲೆ, ಸಿಹಿ ಪಾನಿನೊಳಗೆ ಚೆರ್ರಿ ಎಂದು ನಾವು ತಿನ್ನುವುದೂ ಎಷ್ಟೋ ಸಲ ಇದೇ ಕಾಯಿಯಂತೆ, ಸಕ್ಕರೆ ಪಾಕದಲ್ಲಿ ಅದ್ದಿ ಕೆಂಪು ಬಣ್ಣ ಬಳಿದದ್ದು. ಅಢೀಸೋ ಗ್ರಾಮ್ ಕೊಂಡೆ.

ಊರಲ್ಲಿ ಇದು ಬೇಸಿಗೆಯ ಕಾಯಿ. ಏಪ್ರಿಲ್‌ನಲ್ಲಿ ಬೆಟ್ಟಕ್ಕೆ ಹೋಗಿ ಮುಳ್ಳು ತರಚಿಸಿಕೊಂಡು ಕೊಯ್ದು ತರಬೇಕು. ಮೇ ಕಳೆಯುವುದರೊಳಗೆ ಕಪ್ಪಗೆ ಹಣ್ಣಾಗಿ ಮಕ್ಕಳ ಪಾಲು, ಹಕ್ಕಿಗಳ ಪಾಲು. ಮಳೆಗಾಲಕ್ಕೆಂದು ಆಯಿ ಉಪ್ಪುನೀರಿನ ಭರಣಿಯಲ್ಲಿ ಹಾಕಿಡುತ್ತಿದ್ದಳು. ಚೌತಿಯ ಊಟಕ್ಕೆ ಆಗುತ್ತಿದ್ದ ಗೊಜ್ಜು ಈ ಉಪ್ಪಿನ ಕಾಯಿಯದ್ದೇ. ಬಾಳೆಲೆಯ ತುದಿಯಲ್ಲಿ ಒಂದು ಚಮಚ. ಅಪ್ಪ ಅದನ್ನು ಕೊನೆಯ ಮಜ್ಜಿಗೆ ಅನ್ನದವರೆಗೆ ಮುಟ್ಟದೆ ಕಾಯುತ್ತಿದ್ದ. ಆಮೇಲೆ ಎರಡನೆಯ ಸಲ, ಮೂರನೆಯ ಸಲ ಹಾಕಿಸಿಕೊಳ್ಳುತ್ತಿದ್ದ.

ಗೊಜ್ಜನ್ನು ನಾನೇ ಮಾಡಿ ಆಯಿಯ ಮುಂದಿಡಬೇಕು ಎಂದುಕೊಂಡೆ. ಆಯಿಯನ್ನು ಕೇಳಿದರೆ ಗುಟ್ಟು ಒಡೆಯುತ್ತದಲ್ಲ, ತಂಗಿಯನ್ನು ಕೇಳಿದೆ. ಅವಳು ಹೇಳಿದ ಹಾಗೆ ಕಿತ್ತಳೆ ರಸ, ದಾಲ್ಚಿನ್ನಿ, ಸಕ್ಕರೆ ಹಾಕಿ ಇಡೀ ಕಾಯಿಗಳನ್ನು ಕುದಿಸಿದೆ. ಅನಾಹುತವಾಯಿತು. ಕ್ರ್ಯಾನ್‌ಬೆರಿಯೊಳಗೆ ಗಾಳಿಯ ಗೂಡುಗಳಿರುತ್ತವೆ, ಬಿಸಿಗೆ ಪಟಪಟ ಒಡೆದು ತಾನೇ ಕರಗುತ್ತದೆ. ಅದರ ಬೀಜ ಬಾಯಿಗೆ ಗೊತ್ತಾಗದಷ್ಟು ಸಣ್ಣದು. ಕವಳೆ ಹಾಗಲ್ಲ. ಸೊನೆ ಬಾಣಲೆಗೆ ಮೆತ್ತಿತು, ಬೀಜ ಹಲ್ಲಿಗೆ ಸಿಕ್ಕಿತು, ಮೊದಲೇ ಸಕ್ಕರೆ ಹಾಕಿದ್ದರಿಂದ ಸಿಪ್ಪೆ ಬೇಯದೆ ಬಿರುಸಾಯಿತು. ಹೆಂಡತಿ ಒಂದು ಚಮಚ ತಿಂದು ಏನೂ ಹೇಳದೆ ನೀರು ಕುಡಿದಳು.

ಮಾಸಿ ದಾರಿ ತೋರಿಸಿದರು. ಕಾಯಿ ಸೀಳಿ ಉಪ್ಪುನೀರಿಗೆ ಹಾಕು, ಸೊನೆ ಬಿಡುತ್ತದೆ. ಬೀಜ ತೆಗಿ. ಹಸಿಮೆಣಸಿನಕಾಯಿ ಉದ್ದುದ್ದ ಸೀಳು. ಎಣ್ಣೆ, ಇಂಗು, ಅರಿಸಿನ, ಕೊನೆಗೆ 'ರಾಯ್ ನಾ ಕುರಿಯಾ', ಅಂದರೆ ಸಿಪ್ಪೆ ತೆಗೆದು ಒಡೆದ ಸಾಸಿವೆ ಬೇಳೆ. ಅದು ಅವರ ಕರಮದಾ ಮರ್ಚಾ. ನಾನು ಅದಕ್ಕೆ ಬೆಲ್ಲ ಸೇರಿಸಿ, ಕುಟ್ಟಿದ ಸೋಂಪು ಉದುರಿಸಿದೆ. ಚೆನ್ನಾಗಿತ್ತು, ಆದರೆ ಅದು ಮಾಸಿಯ ಮನೆಯ ರುಚಿ. ಆಯಿ ಬೆರಳಿನ ತುದಿಯಲ್ಲಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡು, "ಇಷ್ಟು ಸಿಹಿ ಎಂತಕ್ಕೆ?" ಎಂದಳು. ಒಂದು ವರ್ಷದಲ್ಲಿ ಅಡುಗೆಯ ಬಗ್ಗೆ ಅವಳು ಎತ್ತಿದ ಮೊದಲ ತಕರಾರು. ನನಗೆ ಖುಷಿಯಾಯಿತು, ತೋರಿಸಿಕೊಳ್ಳಲಿಲ್ಲ.

ಚೌತಿ ಆಗಸ್ಟ್ 27ಕ್ಕೆ ಬಂದಿತ್ತು. ಹಿಂದಿನ ಸಂಜೆ ಅರ್ಧ ಕಿಲೋ ತಂದು ಮೇಜಿನ ಮೇಲೆ ಸುರಿದೆ. ಆಯಿ ಹಾಲಿನಿಂದ ಎದ್ದು ಬಂದು ನಿಂತಳು. ಅಲ್ಲಿಯವರೆಗೆ ಬಾಣಲೆಯಲ್ಲಿದ್ದದ್ದನ್ನಷ್ಟೇ ಕಂಡಿದ್ದಳು.

"ಚೌತಿಗೆ ಹಸಿ ಕವಳೆಯಾ?"

ಒಂದು ಕಾಯಿ ಎತ್ತಿ ಮೂಸಿದಳು, ಉಗುರು ಊರಿ ಸೊನೆ ನೋಡಿದಳು. ಎಪ್ಪತ್ತು ವರ್ಷದಲ್ಲಿ ಭಾದ್ರಪದದಲ್ಲಿ ಹಸಿ ಕವಳೆ ಕಂಡವಳಲ್ಲ. ನಾನು ಚಾಕು ಹಿಡಿದದ್ದೇ ತಡ, "ಕೈಗೆ ಎಣ್ಣೆ ಹಚ್ಚಿಕ್ಯ" ಎಂದಳು. ಎರಡು ನಿಮಿಷ ನನ್ನ ಕೆಲಸ ನೋಡಿ ಚಾಕು ಕಸಿದುಕೊಂಡಳು.

ಆಯಿಯ ಗೊಜ್ಜಿನಲ್ಲಿ ಹೊಸತೇನೂ ಇಲ್ಲ. ಅವಳು ಯಾವುದನ್ನು ಯಾವಾಗ ಹಾಕುತ್ತಾಳೆ ಎಂಬುದರಲ್ಲೇ ಎಲ್ಲ ಇದೆ. ಕಾಯಿ ಉಪ್ಪಿನ ಜೊತೆ ಮೆತ್ತಗೆ ಬೇಯಬೇಕು. "ಬೆಲ್ಲ ಈಗ್ಲೇ ಹಾಕಡ" ಎಂದು ನನ್ನ ಕೈ ತಡೆದಳು. ಹುರಿದ ಎಳ್ಳು, ಮೆಂತ್ಯ, ಒಣಮೆಣಸು ತೆಂಗಿನಕಾಯಿಯ ಜೊತೆ ರುಬ್ಬಿ, ಅದು ಕುದಿ ಬಂದ ಮೇಲೆ ಬೆಲ್ಲ. ಹುಳಿಗೆ ಹುಣಸೆ ಬೇಡ, ಕಾಯಿಯದ್ದೇ ಸಾಕು. ಕೊನೆಯಲ್ಲಿ ನಾನು ಸಾಸಿವೆ ಬೇಳೆಯ ಪೊಟ್ಟಣ ಮುಂದಿಟ್ಟೆ. ನೋಡಿದಳು, ಮೂಸಿದಳು, ಚಿಟಿಕೆ ಹಾಕಿದಳು. ಅಷ್ಟು ಸುಧಾರಣೆಗೆ ಒಪ್ಪಿಗೆ ಸಿಕ್ಕಿತು. ದಾಲ್ಚಿನ್ನಿಯ ವಿಷಯ ನಾನು ಎತ್ತಲಿಲ್ಲ.

ಮರುದಿನ ಪಂಚಕಜ್ಜಾಯ, ಕಡುಬು, ಅಂಗಡಿಯ ಚಕ್ಕುಲಿ. ಊರಲ್ಲಾದರೆ ನೆಂಟರು ಸೇರಿ ಚಕ್ಲಿ ಕಂಬಳ ಮಾಡುವ ಹಬ್ಬ, ಇಲ್ಲಿ ನಾವು ಮೂವರು. ಆಯಿ ಗೊಜ್ಜನ್ನು ಮಜ್ಜಿಗೆ ಅನ್ನದವರೆಗೆ ಮುಟ್ಟಲಿಲ್ಲ. ಆಮೇಲೆ ಅನ್ನ ಎರಡನೆಯ ಸಲ ಹಾಕಿಸಿಕೊಂಡಳು. ಅಳುತ್ತಾಳೇನೋ ಎಂದು ನಾನು ಎಲೆ ನೋಡುತ್ತಾ ಕೂತಿದ್ದೆ. ಅವಳು ಅತ್ತಳೋ ಇಲ್ಲವೋ ಗೊತ್ತಿಲ್ಲ, ಖಾರ ಕಡಿಮೆಯಾಯಿತು ಎಂದದ್ದು ಮಾತ್ರ ಕೇಳಿಸಿತು. ಅಪ್ಪ ಪ್ರತಿ ಚೌತಿಗೂ ಹೇಳುತ್ತಿದ್ದ ಮಾತು.

ಸಂಜೆ ಮಾಸಿಗೆ ಬಟ್ಟಲಲ್ಲಿ ಗೊಜ್ಜು ಕೊಟ್ಟು ಬಂದೆವು. ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಆಯಿಗೆ ಇನ್ನೂ ಎರಡು ಕಿಲೋ ಕಾಯಿ ಬೇಕಂತೆ, ಉಪ್ಪಲ್ಲಿ ಹಾಕಿ ಊರಿಗೆ ಒಯ್ಯಲಿಕ್ಕೆ. ಊರಿಗೆ ಹೋಗುವ ಮಾತನ್ನು ಅವಳೇ ಎತ್ತಿದ್ದು ಅದೇ ಮೊದಲು. ಮಾಸಿ ಒಳಗಿನಿಂದ ಕಂದು ಬಣ್ಣದ ಪಿಂಗಾಣಿ ಬರಣಿಯೊಂದನ್ನು ತಂದರು. ನಮ್ಮ ಭರಣಿ ಇಲ್ಲಿ ಬರಣಿ. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನ ನೀರು ಬಿಟ್ಟು ತಾಪಿ ಉಕ್ಕಿದಾಗ ಅಡಾಜಣ್ ಮುಳುಗಿತ್ತು. ಮಾಸಿ ಆಗ ನೆಲಮಹಡಿಯಲ್ಲಿದ್ದರು. ಆ ವರ್ಷದ ಉಪ್ಪಿನಕಾಯಿಯೆಲ್ಲ ಕೆಸರಾಯಿತು, ಒಂಬತ್ತು ಬರಣಿಗಳಲ್ಲಿ ಎರಡು ಉಳಿದವು. ಆ ವರ್ಷವೂ ಚೌತಿ ಆಗಸ್ಟ್ 27ಕ್ಕೇ ಬಂದಿತ್ತು, ಮನೆಯಲ್ಲಿನ್ನೂ ಕೆಸರಿನ ವಾಸನೆ ಇತ್ತು ಎಂದರು.

ಇದನ್ನು ಆಯಿಗೆ ಪೂರ್ತಿ ಅನುವಾದಿಸಿ ಹೇಳಿದೆ. ಅವಳು ಬರಣಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು, ಒಳಗೆ ಕೈ ಹಾಕಿ ಬಿರುಕಿದೆಯೇ ಎಂದು ತಡವಿದಳು. ಮುಚ್ಚಳ ಹಾಕಿ, ನನ್ನ ಕೈಗೆ ಕೊಟ್ಟು, "ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಇಡು" ಎಂದಳು. ಸೂರತ್ತಿನ ಆಗಸ್ಟಿನಲ್ಲಿ ಬಿಸಿಲು ಎಲ್ಲಿಂದ ತರಲಿ? ಒಲೆಯ ಪಕ್ಕದಲ್ಲಿ ಬೋರಲು ಹಾಕಿ ಒಣಗಿಸಿದೆ.