ಜಾರಿದ ಮಣ್ಣು

ಚಿಕ್ಕಬಳ್ಳಾಪುರದ ಕಡೆಯವರಿಗೆ ದ್ರಾಕ್ಷಿ ಎಂದರೆ ತಲೆಯ ಮೇಲೆ ತೂಗಬೇಕಾದ ಬೆಳೆ. ಕಲ್ಲುಕೂಚ ನೆಟ್ಟು, ತಂತಿ ಬಿಗಿದು ಅಪ್ಪ ಹಾಕಿದ್ದ ಬೆಂಗಳೂರು ಬ್ಲೂ ಚಪ್ಪರದಡಿಯಲ್ಲೇ ನಾನು ಬಗ್ಗಿ ನಡೆಯುವುದನ್ನು ಕಲಿತದ್ದು. ಹಾಗಾಗಿ ಮಗಳನ್ನು ನೋಡಲು ಫ್ರಾನ್ಸಿಗೆ ಹೋದವನು ತ್ಯಾಂ-ಲೆರ್ಮಿತಾಜ್ ಊರಿನ ಗುಡ್ಡದಲ್ಲಿ ಒಂದೊಂದು ಗೂಟಕ್ಕೆ ಒಂದೊಂದಾಗಿ ಕಟ್ಟಿದ್ದ ಸಿರಾ ಎಂಬ ದ್ರಾಕ್ಷಿಯ ಬಳ್ಳಿಗಳನ್ನು ಕಂಡು, ಪಾಪ, ಇವಕ್ಕೆ ಚಪ್ಪರ ಹಾಕುವವರಿಲ್ಲವಲ್ಲ ಎಂದುಕೊಂಡೆ.

ರೋನ್ ನದಿಯ ದಂಡೆಯ ಆ ಎರ್ಮಿತಾಜ್ ಗುಡ್ಡದ ತೋಟ ಹೆಚ್ಚೆಂದರೆ 140 ಹೆಕ್ಟೇರ್. ಪಡುವಣ ಬದಿಯಲ್ಲಿ ನಮ್ಮ ಕೂಚದ್ದೇ ಜಾತಿಯ ಕಲ್ಲು, ಗ್ರಾನೈಟು. ನಮ್ಮಲ್ಲಿ ಕಲ್ಲು ಎದ್ದು ನಿಂತು ಬಳ್ಳಿಯನ್ನು ಹೊರುತ್ತದೆ. ಅಲ್ಲಿ ಮಲಗಿಕೊಂಡು, ಹಗಲಿನ ಬಿಸಿಲು ಹೀರಿ ರಾತ್ರಿ ಬಳ್ಳಿಗೆ ಶಾಖ ಕೊಡುತ್ತದೆ.

13ನೇ ಶತಮಾನದಲ್ಲಿ ಯುದ್ಧದಿಂದ ಬೇಸತ್ತ ಸರದಾರನೊಬ್ಬ ಆ ಗುಡ್ಡದಲ್ಲಿ ಗುಡಿಸಲು ಕಟ್ಟಿ ಸನ್ಯಾಸಿಯಾದನೆಂದು, ಗುಡ್ಡದ ಹೆಸರು ಅದರಿಂದಲೇ ಬಂತೆಂದು ಐತಿಹ್ಯ. ಸಿರಾ ಬಳ್ಳಿ ಬಂದದ್ದು ಪರ್ಷಿಯಾದ ಶಿರಾಜ್ ಪಟ್ಟಣದಿಂದ ಎಂಬ ಕಥೆಯೂ ಉಂಟು. 1990ರ ದಶಕದ ಕೊನೆಗೆ ಡಿಎನ್‌ಎ ಪರೀಕ್ಷೆ ನಡೆದಾಗ ಗುಟ್ಟು ರಟ್ಟಾಯಿತು: ತಂದೆ ದ್ಯುರೇಜಾ, ತಾಯಿ ಮೊಂದ್ಯೂಸ್ ಬ್ಲಾಂಶ್, ಇಬ್ಬರೂ ಫ್ರಾನ್ಸಿನ ಆಗ್ನೇಯ ಮೂಲೆಯವರೇ. ನಮ್ಮ ವಂಶವೂ ಹಂಪಿಯಿಂದ ಬಂದದ್ದೆಂದು ತಾತ ಹೇಳುತ್ತಿದ್ದರು. ಪಕ್ಕದ ಹೋಬಳಿಯಿಂದ ಎಂಬುದು ಸೋದರತ್ತೆಯ ವಾದ. ಊರು ಬಿಟ್ಟ ಮೇಲೆ ಹೆಸರು ದೊಡ್ಡದಾಗುತ್ತದೆ. 1832ರಲ್ಲಿ ಜೇಮ್ಸ್ ಬಸ್ಬಿ ಎಂಬಾತ ಸಿರಾದ ಕಡ್ಡಿಗಳನ್ನು ಆಸ್ಟ್ರೇಲಿಯಾಕ್ಕೆ ಒಯ್ದ. ಅಲ್ಲಿ ಇದು ಶಿರಾಜ್ ಆಯಿತು. ನಂದಿಬೆಟ್ಟದ ತಪ್ಪಲಿನ ತೋಟಗಳಲ್ಲೂ ಈಗ ಅದೇ ಹೆಸರು.

ಎರ್ಮಿತಾಜಿನಲ್ಲಿ ನಾನು ಕಂಡ ತೊಟ್ಟಿಯಲ್ಲಿ ಜಜ್ಜಿದ ಹಣ್ಣು ಹುದುಗು ಬಂದು ಗುಳುಗುಳು ಎನ್ನುತ್ತಿತ್ತು. ಸಿಪ್ಪೆಯೆಲ್ಲ ಮೇಲೆದ್ದು ದಪ್ಪ ಕೆನೆಯಾಗಿತ್ತು. ತಿರುಳಿಗೆ ಬಣ್ಣವಿಲ್ಲ, ಕಪ್ಪೆಲ್ಲ ಸಿಪ್ಪೆಯದೇ. ಅದಕ್ಕೇ ದಿನಾ ಆ ಕೆನೆಯನ್ನು ಒಳಕ್ಕೆ ಒತ್ತಬೇಕು. ತೋಟದ ಯಜಮಾನ ಉದ್ದನೆಯ ಕೋಲು ಕೊಟ್ಟ. ನಾಲ್ಕು ಸಲ ಒತ್ತುವಷ್ಟರಲ್ಲಿ ನನ್ನ ಸೊಂಟ ಶರಣಾಯಿತು. ಆಮೇಲೆ ಓಕ್ ಪೀಪಾಯಿಯಲ್ಲಿ ವರ್ಷ ಮೀರಿ ನೆನೆದ ವೈನನ್ನು ಮೂಗಿಗೆ ಹಿಡಿದರೆ, ಅಮ್ಮನ ಮೆಣಸಿನ ಸಾರು! ಭ್ರಮೆಯಲ್ಲ, ಕಾಳುಮೆಣಸಿನ ಘಾಟಿಗೂ ಸಿರಾದ ಘಾಟಿಗೂ ಕಾರಣ ರೋಟಂಡೋನ್ ಎಂಬ ಒಂದೇ ವಸ್ತು.

ಕಡಿದಾದ ಗುಡ್ಡಕ್ಕೆ ಟ್ರ್ಯಾಕ್ಟರ್ ಹತ್ತುವುದಿಲ್ಲ. ಗಾರೆಯಿಲ್ಲದ ಕಲ್ಲುಗೋಡೆಗಳು ಎಷ್ಟೇ ತಡೆದರೂ ಜೋರು ಮಳೆಗೆ ಮಣ್ಣು ಜಾರುತ್ತದೆ. ಅದನ್ನು ಬುಟ್ಟಿಯಲ್ಲಿ ತುಂಬಿ, ಬೆನ್ನ ಮೇಲೆ ಹೊತ್ತು ಮತ್ತೆ ಮೇಲಕ್ಕೆ ಒಯ್ದು ಸುರಿಯುವುದು ಅಲ್ಲಿನ ತಲೆತಲಾಂತರದ ಪಾಡು.

ಆ ರಾತ್ರಿ ಫೋನಿನಲ್ಲಿ ಅಪ್ಪನಿಗೆ ಇದನ್ನು ಬೆರಗಿನಿಂದ ಹೇಳಿದೆ. ವೈನ್ ಮುಟ್ಟದ ಅಪ್ಪ ಬೆರಗಾಗಲಿಲ್ಲ. “ಬೇಸಿಗೇಲಿ ನಾವು ಕೆರೆ ಗೋಡು ಹೊಡೀತಿರ್ಲಿಲ್ವೇನೋ? ನಮ್ಮ ಹೊಲದಿಂದ ಕೊಚ್ಕೊಂಡು ಹೋದ ಮಣ್ಣೇ ಅದು. ನಮಗಾದ್ರೆ ಗಾಡಿ ಇತ್ತು. ಪಾಪ, ಅವರಿಗೆ ಬೆನ್ನು.”

ಸ್ವಲ್ಪ ತಡೆದು ಕೇಳಿದರು: “ಚಪ್ಪರ ಇಲ್ಲ ಅಂದ್ಯಲ್ಲ, ಮಧ್ಯಾಹ್ನ ಊಟಕ್ಕೆ ನೆರಳಲ್ಲಿ ಎಲ್ಲಿ ಕೂತ್ಕೋತಾರೆ?”